ಶುಗರ್ ಚೆಕ್ ಮಾಡೋ ಜಾಗದಾಗ ಕಣ್ಣಿನ ಫೋಟೋನೂ ತೆಗೀರಿ

ಭಾಗ 4 | ಹೂವಿನ ಹಿಪ್ಪರಗಿ

"ನನಗ ಚಂದ ಕಾಣ್ತದ, ಕಣ್ಣು ಯಾಕ ತೋರಿಸ್ಲಿ?" ಶುಗರ್ ಇದ್ದ ಹಿರಿಯರು ಬಹಳ ಮಂದಿ ಹಿಂಗ ಅಂತಾರ. ತೊಂದರೆ ಇರೋದೇ ಇಲ್ಲಿ.

ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆ, ಅಂದ್ರ ರೆಟಿನಾದ ಸಣ್ಣ ರಕ್ತನಾಳಗಳನ್ನ ಹಾಳು ಮಾಡ್ತದ. ನಾಳ ಉಬ್ಬತಾವ, ಸೋರತಾವ. ನೋವಿಲ್ಲ. ಗೋಡೆ ಮ್ಯಾಲಿನ ಅಕ್ಷರಾನೂ ಸರಿಯಾಗೇ ಓದ್ತಾರ. ಮಂಜಾಗಿ ಕಾಣೋ ಹೊತ್ತಿಗೆ ರೋಗ ಮುಂದ ಹೋಗಿರ್ತದ. ಅದಕ್ಕ ಚಷ್ಮಾ ಶಿಬಿರದಾಗ ಅಕ್ಷರ ಓದಿಸಿದ್ರ ಸಾಲೂದಿಲ್ಲ, ಪರದೆಯ ಫೋಟೋನೇ ಬೇಕು.

ಫೋಟೋದಾಗೂ ಮೂರು ನಮೂನಿ ಅದಾವ:

👁 ಫಂಡಸ್ ಫೋಟೋ: ಪರದೆ ಮ್ಯಾಲಿನ ರಕ್ತದ ಚುಕ್ಕಿ, ಹಳದಿ ಕಲೆ ಕಾಣ್ತಾವ. ಮೊದಲ ತಪಾಸಣೆಗೆ ಇದು ಸಾಕು.
👁 ಓಸಿಟಿ: 1991ರಲ್ಲಿ ಬಂತು. ಬೆಳಕಿನಿಂದ ಪರದೆಯ ಪದರ ಪದರ ತೋರಿಸ್ತದ. ಬಾವು ಎಷ್ಟದ ಅಂತ ಅಳೀಬಹುದು.
👁 ಆಂಜಿಯೋಗ್ರಫಿ: ಕೈಯಾಗ ಬಣ್ಣದ ಔಷಧ ಚುಚ್ಚಿ, ನಾಳ ಎಲ್ಲಿ ಸೋರ್ತಾವ ಅಂತ ನೋಡ್ತಾರ. 1961ರಲ್ಲಿ ಇದನ್ನ ಪ್ರಕಟಿಸಿದ ನೊವೊಟ್ನಿ, ಆಲ್ವಿಸ್ ಇಬ್ಬರೂ ಈ ಕೆಲಸ ಮಾಡಿದ್ದು ವೈದ್ಯಕೀಯ ವಿದ್ಯಾರ್ಥಿಗಳಾಗಿದ್ದಾಗ!

ಕೊನೆಯ ಎರಡು ದೊಡ್ಡ ದವಾಖಾನಿಯಾಗೇ ಇರಲಿ. ಮೊದಲನೇದು ಮಾತ್ರ ಶುಗರ್ ಚೆಕ್ ಮಾಡೋ ಜಾಗಕ್ಕ ಬರಬೇಕು ಅನ್ನೋದು ನನ್ನ ವಾದ.

ಬಿಕಾಂ ಓದೋರು ಖರ್ಚು ಲೆಕ್ಕ ಹಾಕ್ತೀವಿ. ವಿಜಯಪುರಕ್ಕ ಹೋದ್ರ ಕಣ್ಣಿಗೆ ಹನಿ ಹಾಕ್ತಾರ, ಕೆಲವು ತಾಸು ಮಬ್ಬು. ಜೋಡಿ ಒಬ್ಬರು ಬೇಕು. ಇಬ್ಬರ ಬಸ್ ಚಾರ್ಜ್, ಇಬ್ಬರ ದಿನದ ಕೂಲಿ. ಇಷ್ಟೆಲ್ಲಾ ಮಾಡಿ "ಏನೂ ಇಲ್ಲ" ಅಂದ್ರ ಮುಂದಿನ ವರ್ಷ ಯಾರು ಹೋಗ್ತಾರ? ಆದ್ರ ಶುಗರ್ ಇದ್ದೋರಿಗೆ ಈ ತಪಾಸಣೆ ಪ್ರತಿ ವರ್ಷ ಬೇಕು.

ಹನಿ ಇಲ್ಲದೇ ಫೋಟೋ ತೆಗಿಯೋ ಸಣ್ಣ ಕ್ಯಾಮೆರಾ ನಮ್ಮ ಬೆಂಗಳೂರಿನ ಕಂಪನಿಗಳೇ ಮಾಡ್ಯಾವ. ಫೋರಸ್ ಹೆಲ್ತ್‌ದು ತ್ರಿನೇತ್ರ, ರೆಮಿಡಿಯೋದ್ದು ಫೋನಿಗೇ ಜೋಡಿಸೋದು. ಪ್ರತಿ ಊರಿಗೆ ಒಂದು ಬೇಡ. ತಾಲೂಕಿಗೆ ಒಂದು ಇಟ್ಟು, ಶುಗರ್ ತಪಾಸಣೆ ದಿನ ಊರೂರಿಗೆ ತಿರುಗಿಸಲಿ. ಮಶೀನ್ ಖರ್ಚು ಹೆಚ್ಚು ಮಂದಿಗೆ ಹಂಚಿದಂಗೆಲ್ಲಾ ತಲಾ ಖರ್ಚು ಇಳೀತದ.

"ಲೇಸರ್, ಇಂಜೆಕ್ಷನ್ ಇಲ್ಲಿಲ್ಲ, ಬರೀ ಫೋಟೋ ತಗೊಂಡು ಏನ್ ಮಾಡೂದು?" ಅಂತ ಕೇಳಬಹುದು. ಫೋಟೋ ಒಂದು ಜರಡಿ ಇದ್ದಂಗ. ಎಲ್ಲಾರೂ ಹೋಗೂದು ಬೇಡ, ಬೇಕಾದವರು ತಡ ಮಾಡೂದು ಬೇಡ. ಹೌದು, ಮೋತಿಬಿಂದು ಇದ್ರ ಫೋಟೋ ಮಸುಕಾಗ್ತದ. ಅವರನ್ನ ಕಣ್ಣಿನ ಡಾಕ್ಟರ ಕಡೆ ಕಳಿಸಲೇಬೇಕು. ಕಳಿಸಿದವರು ಮುಟ್ಟಿದ್ರೋ ಇಲ್ಲೋ ಅಂತ ಫೋನ್ ಮಾಡಿ ಕೇಳೋರೂ ಬೇಕು. ಇಲ್ಲಾಂದ್ರ ಫೋಟೋ ಬರೀ ಫೈಲ್‌ನಾಗ ಉಳೀತದ.

2023ರ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಾಗ ಶುಗರ್ ಇದ್ದೋರು 10 ಕೋಟಿಗೂ ಹೆಚ್ಚು. ನಿಮ್ಮನ್ಯಾಗೂ ಒಬ್ಬರು ಇರಬಹುದು. ಮುಂದಿನ ಸಲ ಶುಗರ್ ಗುಳಿಗಿ ತರಾಕ ಹೋದಾಗ ಒಂದೇ ಮಾತು ಕೇಳ್ರಿ: "ಕಣ್ಣಿನ ಪರದೆ ಫೋಟೋ ಎಲ್ಲಿ ತೆಗೀತಾರ?" ಕೇಳೋರು ಹೆಚ್ಚಾದ್ರ ಕ್ಯಾಮೆರಾನೂ ಬರ್ತದ.

#ಹೂವಿನಹಿಪ್ಪರಗಿ #ಶುಗರ್ #ಕಣ್ಣು #ವಿಜಯಪುರ