ಎ.ಸಿ. ಬದಲಿಸುವ ಮುನ್ನ ಬಚ್ಚಲುಮನೆಯತ್ತ ಒಮ್ಮೆ ನೋಡಿ

ಬೇಸಿಗೆ ಕಾಲಿಟ್ಟಿತೆಂದರೆ ಬೆಂಗಳೂರಿನ ಗೃಹೋಪಯೋಗಿ ಮಳಿಗೆಗಳಲ್ಲಿ ಒಂದೇ ಬಗೆಯ ಗಿರಾಕಿಗಳು ಕಾಣಿಸಿಕೊಳ್ಳುತ್ತಾರೆ. ಹತ್ತು ಹನ್ನೆರಡು ವರ್ಷ ದುಡಿದ ಎ.ಸಿ.ಯ ಕಂಪ್ರೆಸರ್ ಕೈಕೊಟ್ಟಿರುತ್ತದೆ. ರಿಪೇರಿಗೆ ಹಣ ಸುರಿಯುವ ಬದಲು ಹೊಸದನ್ನೇ ತನ್ನಿ ಎಂದು ಮೆಕ್ಯಾನಿಕ್ ಹೇಳಿ ಹೋಗಿರುತ್ತಾನೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ಸೆಲ್ಸಿಯಸ್ ಕಂಡ ನಗರದಲ್ಲಿ ಎ.ಸಿ.ಯನ್ನು ಶ್ರೀಮಂತರ ಶೋಕಿ ಎಂದು ಮೂಗು ಮುರಿಯುವ ಕಾಲ ಮುಗಿದಿದೆ. 2025ರ ಸೆಪ್ಟೆಂಬರ್‌ನಲ್ಲಿ ಅದರ ಮೇಲಿನ ಜಿ.ಎಸ್.ಟಿ. ಶೇ 28ರಿಂದ ಶೇ 18ಕ್ಕೆ ಇಳಿದದ್ದೂ ಕೊಳ್ಳುವವರಿಗೆ ಅನುಕೂಲವೇ ಆಯಿತು. ಹಾಗಾದರೆ ಯಾವುದನ್ನು ಕೊಳ್ಳಬೇಕು? ಐದು ನಕ್ಷತ್ರದ ಯಂತ್ರವನ್ನೇ ಕೊಳ್ಳಿ ಎಂಬುದು ಅಂಗಡಿಯವರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರ ಸಿದ್ಧ ಉತ್ತರ. ಈ ಉತ್ತರವನ್ನು ಸ್ವಲ್ಪ ಕೆದಕಿ ನೋಡಬೇಕಾಗಿದೆ.

ಯಂತ್ರದ ಮೇಲೆ ಅಂಟಿಸಿರುವ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಇಂಧನ ದಕ್ಷತಾ ಮಂಡಳಿಯ ಆ ಲೆಕ್ಕವು ಯಂತ್ರ ವರ್ಷಕ್ಕೆ 1,600 ಗಂಟೆ ಓಡುತ್ತದೆಂಬ ಊಹೆಯ ಮೇಲೆ ನಿಂತಿದೆ. ಇಡೀ ದೇಶಕ್ಕೆ ಒಂದೇ ಅಳತೆಗೋಲು ಬೇಕಾದಾಗ ಇದು ಅನಿವಾರ್ಯ. ಆದರೆ ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಮನೆಯೊಂದರಲ್ಲಿ ಮಾರ್ಚ್‌ನಿಂದ ಮೇ ನಡುಭಾಗದವರೆಗೆ, ರಾತ್ರಿ ಐದಾರು ಗಂಟೆ ಎ.ಸಿ. ಹಾಕಿದರೆ ಆಗುವುದು ಸುಮಾರು 400 ಗಂಟೆ. ಒಂದೂವರೆ ಟನ್ನಿನ ಯಂತ್ರವೊಂದರ ದಕ್ಷತೆಯ ಅಂಕ 4, ಇನ್ನೊಂದರದು 5 ಎಂದಿಟ್ಟುಕೊಳ್ಳೋಣ. ಎರಡೂ ಪೂರ್ಣ ಹೊರೆಯಲ್ಲೇ ಓಡಿದರೂ 400 ಗಂಟೆಗಳಲ್ಲಿ ಅವುಗಳ ನಡುವಿನ ವ್ಯತ್ಯಾಸ ಸುಮಾರು 100 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೆ ಉಳಿತಾಯ ವರ್ಷಕ್ಕೆ 700 ರೂಪಾಯಿ. ಬೆಲೆಯ ಅಂತರ ಹತ್ತು ಸಾವಿರ ರೂಪಾಯಿಯಾದರೆ ಅದು ಮರಳಿ ಕೈಸೇರುವ ಹೊತ್ತಿಗೆ ಯಂತ್ರವೇ ಗುಜರಿ ಸೇರಿರುತ್ತದೆ! ಮಂಗಳೂರಿನ ಸೆಕೆಯಲ್ಲೋ ಕಲಬುರಗಿಯ ಬಿಸಿಲಿನಲ್ಲೋ ವರ್ಷಕ್ಕೆ 1,600 ಗಂಟೆ ಎ.ಸಿ. ಓಡಿಸುವವರಿಗೆ ಇದೇ ಹತ್ತು ಸಾವಿರ ನಾಲ್ಕು ವರ್ಷದೊಳಗೆ ಮರಳುತ್ತದೆ. ಅಲ್ಲಿ ಐದು ನಕ್ಷತ್ರವೇ ವಿವೇಕ. ಒಂದೇ ರಾಜ್ಯದ ಎರಡು ಊರುಗಳಿಗೆ ಉತ್ತರ ಬೇರೆಬೇರೆಯಾಗಿರುವಾಗ ಜಾಹೀರಾತು ಮಾತ್ರ ಒಂದೇ ಆಗಿರುತ್ತದೆ.

ಬೆಂಗಳೂರಿನ ಮನೆಯಲ್ಲಿ ವಿದ್ಯುತ್ತನ್ನು ನಿಜಕ್ಕೂ ನುಂಗುತ್ತಿರುವುದು ಮಲಗುವ ಕೋಣೆಯಲ್ಲ, ಬಚ್ಚಲುಮನೆ. ಈ ಊರಿನಲ್ಲಿ ತಣ್ಣನೆಯ ಗಾಳಿ ಮೂರು ತಿಂಗಳ ಮಾತು. ಬಿಸಿನೀರು ಹನ್ನೆರಡು ತಿಂಗಳ ಅಗತ್ಯ. ನಾಲ್ಕು ಜನರ ಸಂಸಾರದಲ್ಲಿ ತಲೆಗೆ 25 ಲೀಟರ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ದಿನಕ್ಕೆ ಎರಡೂಕಾಲು ಯೂನಿಟ್ ಬೇಕು, ವರ್ಷಕ್ಕೆ 800ಕ್ಕೂ ಹೆಚ್ಚು. ಅಂದರೆ ಮೇಲೆ ಹೇಳಿದ ದಕ್ಷ ಎ.ಸಿ.ಯ ಎರಡರಷ್ಟು. ಗೀಸರ್ ಸ್ವಿಚ್ಚನ್ನು ಮರೆತು ಕಚೇರಿಗೆ ಹೋಗುವವರ ಮನೆಯ ಲೆಕ್ಕ ಬೇರೆ. ಹೀಗಿದ್ದೂ ಎ.ಸಿ. ಕೊಳ್ಳುವ ಮುನ್ನ ಹತ್ತು ಅಂಗಡಿ ಅಲೆಯುವ ನಾವು, ಗೀಸರ್ ಸೋರತೊಡಗಿದರೆ ಪ್ಲಂಬರ್ ತಂದುಕೊಟ್ಟದ್ದನ್ನು ಮರುಮಾತಿಲ್ಲದೆ ಗೋಡೆಗೆ ಏರಿಸುತ್ತೇವೆ. ಮನೆಯ ತಾಪ ವ್ಯವಸ್ಥೆಯನ್ನು ಬದಲಿಸುವ ಯೋಚನೆ ಬಂದಾಗ ಮೊದಲು ಕೈಯಿಡಬೇಕಾದದ್ದು ಇಲ್ಲಿಗೆ.

ಸ್ವಂತ ತಾರಸಿ ಇದ್ದವರಿಗೆ ಸೌರ ಜಲತಾಪಕಕ್ಕಿಂತ ಒಳ್ಳೆಯ ಪರ್ಯಾಯವಿಲ್ಲ. ಅದನ್ನು ಹೊಸ ಮನೆಗಳಿಗೆ ಕಡ್ಡಾಯ ಮಾಡಿದ ಮೊದಲಿಗರಲ್ಲಿ ಬೆಂಗಳೂರೂ ಒಂದು. ಆದರೆ ಕಡ್ಡಾಯಕ್ಕಾಗಿ ಕೂರಿಸಿದ್ದು ಬಳಕೆಗೆ ಒದಗುವುದಿಲ್ಲ ಎಂಬ ದೂರಿನಲ್ಲೂ ಸತ್ಯವಿದೆ. ತಾರಸಿಯ ಟ್ಯಾಂಕಿನಿಂದ ನೆಲಮಹಡಿಯ ಬಚ್ಚಲಿಗೆ ಕೊಳವೆ ಉದ್ದವಾದಷ್ಟೂ ಬಿಸಿನೀರಿಗಾಗಿ ಒಂದೆರಡು ಬಕೆಟ್ ತಣ್ಣೀರನ್ನು ಹರಿಯಬಿಡಬೇಕಾಗುತ್ತದೆ. ಕೊಳವೆಬಾವಿಯ ಗಡಸು ನೀರು ಗಾಜಿನ ನಳಿಗೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ. ಕೊಳವೆಗೆ ಶಾಖ ಸೋರದ ಹೊದಿಕೆ, ಗಡಸು ನೀರಿಗೆ ತಕ್ಕ ಮಾದರಿ, ಆಷಾಢದ ಮೋಡಕ್ಕೆ ಒಂದು ಪುಟ್ಟ ವಿದ್ಯುತ್ ಕಾಯಿಲ್, ಇವಿಷ್ಟನ್ನು ಮೊದಲೇ ಕೇಳಿ ಪಡೆದರೆ ದೂರು ಬಹುಮಟ್ಟಿಗೆ ಮುಗಿಯುತ್ತದೆ. ತಾರಸಿಯ ಹಕ್ಕಿಲ್ಲದ ಅಪಾರ್ಟ್‌ಮೆಂಟ್ ವಾಸಿಗಳಿಗೆ ಹೀಟ್ ಪಂಪ್ ಇದೆ. ಎ.ಸಿ.ಯ ತತ್ತ್ವವನ್ನೇ ತಿರುವುಮುರುವು ಮಾಡಿ, ಸುತ್ತಲಿನ ಗಾಳಿಯ ಶಾಖವನ್ನು ನೀರಿಗೆ ಸಾಗಿಸುವ ಈ ಸಾಧನಕ್ಕೆ ಗೀಸರ್ ಬಳಸುವ ವಿದ್ಯುತ್ತಿನ ಮೂರನೆಯ ಒಂದು ಪಾಲು ಸಾಕು. ಬೆಲೆ ದುಬಾರಿ, ಜಾಗವೂ ಬೇಕು. ಅಗ್ಗವೆಂದು ಗ್ಯಾಸ್ ಗೀಸರ್‌ಗೆ ಮನಸೋಲುವವರು ಮಾತ್ರ ಎಚ್ಚರವಹಿಸಬೇಕು. ಗಾಳಿಯಾಡದ ಬಚ್ಚಲಿನಲ್ಲಿ ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಬರಲಿಲ್ಲ ಎಂಬ ಸುದ್ದಿಗಳನ್ನು ಈ ನಗರದ ಪತ್ರಿಕೆಗಳು ಮತ್ತೆ ಮತ್ತೆ ಪ್ರಕಟಿಸಿವೆ.

ಇನ್ನು ತಂಪಿನ ವಿಚಾರ. ಮೇಲಂತಸ್ತಿನ ಕೋಣೆ ರಾತ್ರಿ ಕುದಿಯುವುದಕ್ಕೆ ಕಾರಣ ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟ್. ತಾರಸಿಗೆ ಬಿಳಿ ಬಣ್ಣ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಸಿಕ್ಕರೆ ಒಂದೂವರೆ ಟನ್ನಿನ ಬದಲು ಒಂದು ಟನ್ ಸಾಕಾದೀತು. 2020ರ ಜನವರಿಯಿಂದ ಎ.ಸಿ.ಗಳು ತಯಾರಾಗಿ ಬರುವಾಗಲೇ 24 ಡಿಗ್ರಿಗೆ ನಿಗದಿಯಾಗಿರಬೇಕೆಂಬ ನಿಯಮವಿದೆ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ಮಂಡಳಿಯ ಅಂದಾಜು. ಆದರೂ ರಿಮೋಟ್ ಹಿಡಿದು 18ಕ್ಕೆ ಇಳಿಸಿ, ರಗ್ಗು ಹೊದ್ದು ಮಲಗುವವರ ತರ್ಕ ದೇವರಿಗೇ ಪ್ರೀತಿ. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಫಲಾನುಭವಿಗಳಿಗೆ ಇದರಲ್ಲಿ ಇನ್ನೊಂದು ಪೇಚಿದೆ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಇಷ್ಟೆಲ್ಲ ಅಳೆದು ತೂಗಿದವರೂ ಕಡೆಗಣಿಸುವ ಗಳಿಗೆಯೊಂದಿದೆ: ಹಳೆಯ ಯಂತ್ರವನ್ನು ಗೋಡೆಯಿಂದ ಕಳಚುವ ಗಳಿಗೆ. ಹತ್ತು ವರ್ಷಕ್ಕಿಂತ ಹಳೆಯದಾದ ಅನೇಕ ಎ.ಸಿ.ಗಳಲ್ಲಿರುವುದು ಆರ್-22 ಎಂಬ ಅನಿಲ. ಓಜೋನ್ ಪದರಕ್ಕೆ ಹಾನಿಕರವಾದ ಇದನ್ನು 1987ರ ಮಾಂಟ್ರಿಯಲ್ ಒಪ್ಪಂದದನ್ವಯ ಹಂತಹಂತವಾಗಿ ಕೈಬಿಡಲಾಗುತ್ತಿದೆ. ಅಲ್ಲದೆ ಒಂದು ಕಿಲೋ ಆರ್-22 ವಾತಾವರಣವನ್ನು ಬಿಸಿಯೇರಿಸುವುದು ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು. ನಮ್ಮ ದೇಶದಲ್ಲಿ ಎರಡೂವರೆ ಸಾವಿರ ಯೂನಿಟ್ ವಿದ್ಯುತ್ ಉತ್ಪಾದಿಸಿದಾಗ ಹೊಮ್ಮುವುದೂ ಹೆಚ್ಚುಕಡಿಮೆ ಇಷ್ಟೇ. ಮೆಕ್ಯಾನಿಕ್ ಸ್ಪ್ಯಾನರ್ ತಿರುಗಿಸಿ ಆ ಅನಿಲವನ್ನು ಬಾಲ್ಕನಿಯಲ್ಲಿ ಬುಸ್ಸೆಂದು ಬಿಟ್ಟರೆ, ಐದು ನಕ್ಷತ್ರದ ಯಂತ್ರ ಇಪ್ಪತ್ತೈದು ವರ್ಷ ದುಡಿದು ಉಳಿಸಬಹುದಾದದ್ದೆಲ್ಲ ಒಂದು ನಿಮಿಷದಲ್ಲಿ ಹೋದಂತೆ. ಹೊಸ ಯಂತ್ರಗಳಲ್ಲಿ ಬಳಸುವ ಆರ್-32ರಲ್ಲಿ ಈ ದೋಷ ಸುಮಾರು ಮೂರನೆಯ ಒಂದರಷ್ಟು. ಆರ್-290 ಎಂಬ ಪ್ರೋಪೇನ್‌ನಲ್ಲಿ ನಗಣ್ಯವಾದರೂ ಅದು ಉರಿಯುವ ಅನಿಲವಾದ್ದರಿಂದ ಜೋಡಿಸಲು ತರಬೇತಾದ ಕೈಯೇ ಬೇಕು.

ಕಂಪ್ರೆಸರ್ ಓಡುತ್ತಿದ್ದರೆ ಅನಿಲವನ್ನೆಲ್ಲ ಹೊರಘಟಕಕ್ಕೆ ಎಳೆದು ಕವಾಟ ಮುಚ್ಚಬಹುದು. ಅದು ಕೆಟ್ಟಿದ್ದರೆ ಪ್ರತ್ಯೇಕ ಯಂತ್ರದಿಂದ ಸಿಲಿಂಡರಿಗೆ ತುಂಬಿಸಿಕೊಳ್ಳಬೇಕು. 2022ರ ಇ-ತ್ಯಾಜ್ಯ ನಿಯಮಗಳು ಹಳೆಯ ಸಾಧನಗಳ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಹಳೆಯದಕ್ಕೆ ಸಾವಿರವೋ ಎರಡು ಸಾವಿರವೋ ವಿನಿಮಯ ಬೆಲೆ ಕೊಟ್ಟು ಒಯ್ಯುವ ಅಂಗಡಿಯವನನ್ನು ಅದರ ಅನಿಲ ಏನಾಗುತ್ತದೆಂದು ಗ್ರಾಹಕ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಕಳಚುವ ಮುನ್ನ ಅನಿಲವನ್ನು ಹಿಡಿದಿಟ್ಟ ಬಗ್ಗೆ ಲಿಖಿತ ರಸೀದಿ ಕೊಡುವುದನ್ನು ಮಾರಾಟದ ಷರತ್ತಾಗಿಸಲು ಸರ್ಕಾರಕ್ಕೆ ಹೆಚ್ಚಿನ ಹಣವೇನೂ ಬೇಕಿಲ್ಲ. ಅದು ಬರುವವರೆಗೆ, ಹೊಸ ಯಂತ್ರಕ್ಕೆ ಮುಂಗಡ ಕೊಡುವ ಮೊದಲೇ ಗ್ರಾಹಕನೇ ಆ ಪ್ರಶ್ನೆಯನ್ನು ಕೇಳಬೇಕಾಗುತ್ತದೆ.