ಗಲಭೆಯ ನಾಡಿಗೆ ಟಿಕೆಟ್

ಟಿಕೆಟ್ ಬುಕ್ ಆಗಿದೆ, ರಜೆ ಮಂಜೂರಾಗಿದೆ, ಅಷ್ಟರಲ್ಲಿ ಹೋಗಬೇಕಾದ ದೇಶದಲ್ಲಿ ಗಲಭೆ ಶುರುವಾಗಿದೆ. ಆಗ ಎಲ್ಲರೂ ಕೇಳುವುದು ಒಂದೇ: ಅಲ್ಲಿ ಈಗ ಸೇಫಾ? ಟೀವಿಯವರು ಇಲ್ಲವೇ ಇಲ್ಲ ಎನ್ನುತ್ತಾರೆ. ಟ್ರಾವೆಲ್ ಏಜೆಂಟ್ ಏನೂ ಆಗಲ್ಲ ಬನ್ನಿ ಸಾರ್ ಎನ್ನುತ್ತಾನೆ. ಇಬ್ಬರಿಗೂ ಅವರವರ ವ್ಯಾಪಾರ. ನನಗೆ ಕಾಣುವಂತೆ ಆ ಪ್ರಶ್ನೆಯೇ ಅರ್ಧಂಬರ್ಧ. ನನಗೇನಾದರೂ ಆದೀತೇ ಎಂದು ಕೇಳುವವರು, ಅಲ್ಲಿ ನಾನು ಸಿಕ್ಕಿಕೊಂಡರೆ ನನ್ನ ಭಾರ ಯಾರ ಹೆಗಲಿಗೆ ಎಂದೂ ಕೇಳಿಕೊಳ್ಳಬೇಕು.

2022ರ ಶ್ರೀಲಂಕಾವನ್ನೇ ನೋಡಿ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಆ ವರ್ಷ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ವಿದೇಶಿ ಸಾಲ ತೀರಿಸಲಾಗದು ಎಂದು ಕೈಚೆಲ್ಲಿತು. ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಡೇರೆ ಹಾಕಿಕೊಂಡು ಕೂತ ಜನ ಆ ಜಾಗಕ್ಕೆ 'ಗೋಟಾ ಗೋ ಗಾಮ', ಅಂದರೆ 'ಗೋಟಾ ತೊಲಗು' ಊರು ಎಂದು ಹೆಸರಿಟ್ಟರು. ಜುಲೈ 9ರಂದು ಅಧ್ಯಕ್ಷರ ನಿವಾಸಕ್ಕೆ ನುಗ್ಗಿ ಈಜುಕೊಳಕ್ಕೂ ಇಳಿದರು. 13ರಂದು ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಓಡಿದರು. ಈ ದೃಶ್ಯಗಳನ್ನು ಕಂಡವರಿಗೆ ಇಡೀ ದ್ವೀಪವೇ ರಣರಂಗ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಜನರ ಸಿಟ್ಟೆಲ್ಲ ಆಳುವವರ ಮೇಲಿತ್ತು, ಪ್ರವಾಸಿಗರ ಮೇಲಲ್ಲ. ಸಿಗಿರಿಯದ ಬಂಡೆ ಹತ್ತಲು, ಮಿರಿಸ್ಸದ ಕಡಲಲ್ಲಿ ಕಾಲು ನೆನೆಸಲು ಯಾರೂ ಅಡ್ಡಿ ಮಾಡುತ್ತಿರಲಿಲ್ಲ.

ಹಾಗಿದ್ದೂ ಆ ಜುಲೈನಲ್ಲಿ ಹೋಗಬಾರದಿತ್ತು ಎಂದೇ ನಾನು ವಾದಿಸುತ್ತೇನೆ. ಕಾರಣ ಗಲಭೆಯಲ್ಲ, ಪೆಟ್ರೋಲ್.

ಜೂನ್ ಕೊನೆಗೆ ಅಗತ್ಯ ಸೇವೆಗಳನ್ನು ಬಿಟ್ಟು ಉಳಿದವರಿಗೆ ಇಂಧನ ಮಾರಾಟವನ್ನೇ ನಿಲ್ಲಿಸಲಾಗಿತ್ತು. ಬಂಕಿನ ಮುಂದೆ ಮೈಲುದ್ದದ ಸಾಲು. ಚಾಲಕರು ಗಾಡಿಯಲ್ಲೇ ಮಲಗಿ ಎದ್ದು, ಮುಂದಿನ ಗಾಡಿ ಒಂದಡಿ ಸರಿದರೆ ತಮ್ಮ ಆಟೊವನ್ನು ತಳ್ಳಿಕೊಂಡು ಸರಿಯುತ್ತಿದ್ದರು. ಸ್ಟಾರ್ಟ್ ಮಾಡಿದರೆ ಇದ್ದ ಹನಿಯೂ ಖರ್ಚಲ್ಲವೇ! ಆಮೇಲೆ ಕ್ಯೂಆರ್ ಕೋಡ್ ಪದ್ಧತಿ ಬಂದಾಗ ಮೊದಲಿಗೆ ವಾರಕ್ಕೆ ಆಟೊಗೆ 5 ಲೀಟರ್, ಕಾರಿಗೆ 20 ಲೀಟರ್ ಎಂದು ನಿಗದಿಯಾಯಿತು. ಈಗ ನಮ್ಮ ಮಾಮೂಲಿ ಪ್ಯಾಕೇಜನ್ನು ಲೆಕ್ಕ ಹಾಕಿ: ಕೊಲಂಬೊ, ಕ್ಯಾಂಡಿ, ನುವಾರ ಎಲಿಯ, ಎಲ್ಲ, ಗಾಲೆ, ಮತ್ತೆ ಕೊಲಂಬೊ. 500 ಕಿಲೋಮೀಟರ್ ದಾಟುತ್ತದೆ. ಒಬ್ಬ ಚಾಲಕನ ಎರಡು ವಾರದ ಪಾಲು ನಮ್ಮ ಒಂದು ಸುತ್ತಿಗೆ ಮುಗಿದಂತೆಯೇ. ಅಷ್ಟರ ಮೇಲೆ ಹೋಂಸ್ಟೇ ನಡೆಸುವಾಕೆ ಗ್ಯಾಸ್ ಸಿಗದೆ ಸೌದೆ ಒಲೆ ಊದುತ್ತಿದ್ದರೆ, ನಾವು ಊಟ ತಡವಾಯಿತೆಂದು ಗಡಿಯಾರ ನೋಡಬೇಕು.

ಇದಕ್ಕೆ ಎದುರುವಾದ ಇದೆ, ಗಟ್ಟಿಯಾದದ್ದೇ. ಪೆಟ್ರೋಲ್ ಇರಲಿಲ್ಲ ಏಕೆ? ಕೊಳ್ಳಲು ಡಾಲರ್ ಇರಲಿಲ್ಲ. ಡಾಲರ್ ತರುತ್ತಿದ್ದವರಲ್ಲಿ ಪ್ರವಾಸಿಗರೂ ಮುಖ್ಯರು. 2018ರಲ್ಲಿ 23 ಲಕ್ಷ ದಾಟಿದ್ದ ಅವರ ಸಂಖ್ಯೆ ಈಸ್ಟರ್ ಬಾಂಬ್ ದಾಳಿ, ಕೋವಿಡ್, ದಿವಾಳಿ ಮೂರರ ಹೊಡೆತಕ್ಕೆ ಸಿಕ್ಕಿ 2022ರಲ್ಲಿ ಸುಮಾರು 7 ಲಕ್ಷಕ್ಕೆ ಬಂದು ನಿಂತಿತ್ತು. ಹೋಗದೆ ಉಳಿದವರೂ ಬಂಕಿನ ಮುಂದಿನ ಆ ಸಾಲನ್ನು ಉದ್ದ ಮಾಡಿದವರೇ ಅಲ್ಲವೇ? ಹೌದು. ಅದಕ್ಕೇ ನನ್ನ ಉತ್ತರ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಜುಲೈನಲ್ಲಿ ನಾವು ಕೊಡುವ ಡಾಲರ್ ತೈಲವಾಗಿ ಬಂದರು ಮುಟ್ಟುವ ಮೊದಲೇ ನಾವು ಅಲ್ಲಿನವರ ಪಾಲು ಮುಗಿಸಿರುತ್ತಿದ್ದೆವು. ಆಗಸ್ಟ್ ಕಳೆಯುವ ಹೊತ್ತಿಗೆ ಕೋಟಾ ಪದ್ಧತಿ ನೆಲೆಯೂರಿ ಸಾಲು ಕರಗತೊಡಗಿತ್ತು. ಪ್ರವಾಸಿಗರಿಗೆಂದೇ ಬೇರೆ ಇಂಧನ ಪಾಸ್ ಬಂತು. ಆಗಲೂ ಹೆದರಿ ಕೂತವರದು ಬರೀ ಟೀವಿಯ ಭಯ.

ನೇಪಾಳದ್ದು ಬೇರೆ ಕತೆ. 2025ರ ಸೆಪ್ಟೆಂಬರ್ 8ರಂದು ಸರ್ಕಾರದ ವಿರುದ್ಧದ ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ ಒಂದೇ ದಿನ 19 ಜನ ಸತ್ತರು. ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ಸಂಸತ್ ಭವನ, ಸರ್ಕಾರಿ ಕಚೇರಿಗಳ ಸಿಂಹ ದರ್ಬಾರ್ ಎರಡೂ ಹೊತ್ತಿ ಉರಿದವು, ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣ ಮುಚ್ಚಿತು. ಎರಡು ದಿನದ ಹಿಂದೆ ಇಳಿದವರಿಗೆ ಇದರ ಸುಳಿವೇ ಇರಲಿಲ್ಲ. ದೊಡ್ಡ ಹೋಟೆಲುಗಳಿಗೂ ಬೆಂಕಿ ಬಿತ್ತು. ತಪ್ಪಿಸಿಕೊಳ್ಳಲು ಹೋದ ಭಾರತೀಯ ಮಹಿಳೆಯೊಬ್ಬರು ಜೀವ ಕಳೆದುಕೊಂಡರು. ಪಂಚತಾರಾ ಹೋಟೆಲ್ ಎಂದರೆ ಭದ್ರಕೋಟೆ ಎನ್ನುವ ನಮ್ಮ ನಂಬಿಕೆಗೆ ಆಧಾರವಿಲ್ಲ. ಕೊಲಂಬೊದಲ್ಲಂತೂ ಪ್ರತಿಭಟನೆಯ ಡೇರೆಗಳು ಇದ್ದದ್ದೇ ಅಂಥ ಹೋಟೆಲುಗಳ ಮಗ್ಗುಲಲ್ಲಿ. ರಾಜಧಾನಿಯ ನಡುಮಧ್ಯಕ್ಕಿಂತ ಊರಾಚೆಯ ಸಾಧಾರಣ ಲಾಡ್ಜ್ ಎಷ್ಟೋ ಮೇಲು.

ಇಲ್ಲಿ ಭಾರದ ಪ್ರಶ್ನೆ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಬೆನ್ನಿಗೊಂದು ಚೀಲ ಹಾಕಿಕೊಂಡ ಇಪ್ಪತ್ತೈದರ ಹುಡುಗ ಕರ್ಫ್ಯೂ ಸಡಿಲಿದಾಗ ಬಸ್ಸು ಹಿಡಿದು ಸುನೌಲಿಯಲ್ಲಿ ಭಾರತದ ಗಡಿ ದಾಟಿಯಾನು. ನಮ್ಮ ಕಡೆಯಿಂದ ಮುಕ್ತಿನಾಥ, ಪಶುಪತಿನಾಥ ಎಂದು ಹೊರಡುವ ತಂಡಗಳಲ್ಲಿ ಅರವತ್ತು ದಾಟಿದವರೇ ಹೆಚ್ಚು. ಬಿಪಿ ಮಾತ್ರೆ ದಿನದ ಲೆಕ್ಕಕ್ಕೆ ಎಣಿಸಿ ತಂದಿರುತ್ತಾರೆ. ಮೂರು ದಿನ ಹೆಚ್ಚಾದರೆ ಮಾತ್ರೆ ತರಲು ಕರ್ಫ್ಯೂನಲ್ಲಿ ಹೊರಬೀಳಬೇಕಾದವನು ಲಾಡ್ಜಿನ ಹುಡುಗ. ಅಂಥವರಿಗೆ ಸ್ವಲ್ಪ ಅನುಮಾನವಿದ್ದರೂ ಮುಂದೂಡುವುದೇ ಸರಿ. ದೇವರು ಅಲ್ಲೇ ಇರುತ್ತಾನೆ. ವಿಮೆ ಇದೆಯಲ್ಲ ಎನ್ನುವವರು ಪಾಲಿಸಿಯ ಸಣ್ಣಕ್ಷರ ಓದಲಿ. ಯುದ್ಧ, ದಂಗೆಗಳನ್ನು ಹೊರಗಿಟ್ಟಿರುವ ಪಾಲಿಸಿಗಳೇ ಬಹಳ.

ಇಲ್ಲಿಯವರೆಗೂ ಹೇಳಿದ್ದು ಪೆಟ್ರೋಲು, ಮಾತ್ರೆಗಳ ಲೆಕ್ಕ. ಮ್ಯಾನ್ಮಾರ್ ವಿಷಯಕ್ಕೆ ಬಂದರೆ ಈ ಲೆಕ್ಕ ಸಾಲದು. ಅಲ್ಲಿನ ಸೇನಾ ಸರ್ಕಾರ 1996ನ್ನು ಪ್ರವಾಸಿ ವರ್ಷವೆಂದು ಸಾರಿತು. ಅದಕ್ಕೆ ಮೊದಲು ಮಾಂಡಲೆಯ ಅರಮನೆ ಕಂದಕದ ಹೂಳನ್ನು ಬಿಟ್ಟಿ ದುಡಿಮೆಯಲ್ಲಿ ಎತ್ತಿಸಿತ್ತು. ಬರಬೇಡಿ ಎಂದವರು ಹೊರಗಿನವರಲ್ಲ, ಅಲ್ಲಿನ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂ ಕಿ ಅವರೇ. 2011ರಲ್ಲಿ ಅವರ ಪಕ್ಷ ಆ ನಿಲುವನ್ನು ಸಡಿಲಿಸಿತು: ದೊಡ್ಡ ಪ್ಯಾಕೇಜ್ ತಂಡಗಳು ಬೇಡ, ಒಬ್ಬೊಬ್ಬರೇ ಬಂದು ಜನರ ನಡುವೆ ಓಡಾಡುವವರು ಬರಲಿ. ದುಡ್ಡು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಹಿಡಿದು ಗೆರೆ ಎಳೆದ ಆ ಬಗೆ ನನಗೆ ಒಪ್ಪಿಗೆ. ಬಹಿಷ್ಕಾರದಿಂದ ಹೊಟ್ಟೆ ಒಣಗುವುದು ಜನರಲ್‌ಗಳದ್ದಲ್ಲ, ಬಗಾನ್‌ನ ಕುದುರೆಗಾಡಿಯವನದು ಎಂಬ ವಾದವನ್ನೂ ತಳ್ಳಿಹಾಕಲಾರೆ. ಆದರೆ 2021ರ ಫೆಬ್ರುವರಿಯಲ್ಲಿ ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡ ಮೇಲೆ ಅಂತರ್ಯುದ್ಧ ಊರೂರಿಗೆ ಹಬ್ಬಿದೆ. ಕುದುರೆಗಾಡಿಯವನಿಗೆ ಬಾಡಿಗೆ ತಲುಪುವ ಮೊದಲು ವೀಸಾ ಶುಲ್ಕ ಸರ್ಕಾರಕ್ಕೆ ತಲುಪಿರುತ್ತದೆ. ಸದ್ಯಕ್ಕೆ ಅಲ್ಲಿಗೆ ನನ್ನ ಓಟು ಇಲ್ಲ. ಅಲ್ಲಿನವರೇ ಬನ್ನಿ ಎಂದ ದಿನ ಮತ್ತೆ ಯೋಚಿಸಬಹುದು.