'ಇದ್ದ ಹಾಗೆಯೇ' ಎಂದು ನಮ್ಮವರಿಗೇ ಮಾರಬೇಡಿ

ಸ್ಯಾಂಡ್ರಿಂಗಮ್ ರೋಡಿನ ಮಸಾಲೆ ಅಂಗಡಿಗಳ ಸಾಲು ದಾಟಿ ಒಳಬೀದಿಗೆ ತಿರುಗಿದರೆ, ನಾವು ನಾಲ್ಕು ಮಂದಿ ಬಾಡಿಗೆಗೆ ಇರುವ ಮನೆಯ ಅಂಗಳದಲ್ಲಿ ಒಂದು ಹಳೆ ಫೋರ್ ವೀಲ್ ಡ್ರೈವ್ ಗಾಡಿ ನಿಂತಿದೆ. ನಿಂತು ಮೂರು ತಿಂಗಳಾಯಿತು. ನಮ್ಮ ರೂಮಿನ ಹುಡುಗ, ಬಂಟ್ವಾಳ ಕಡೆಯವ, ಊರಿನಿಂದ ಬಂದ ಎರಡನೇ ತಿಂಗಳಲ್ಲೇ ಅದನ್ನು 4,500 ಡಾಲರಿಗೆ ತೆಗೆದುಕೊಂಡ. ಕಟ್ಟಡ ಕೆಲಸಕ್ಕೆ ಬೆಳಿಗ್ಗೆ ಐದಕ್ಕೆ ಹೊರಡಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಮಾರಿದವರು ನಮ್ಮವರೇ, ನಾವೆಲ್ಲ 'ಕಾಕ' ಎಂದು ಕರೆಯುವವರು. "ಸ್ವಲ್ಪ ಕೆಲಸ ಉಂಟು ಮಾರಾಯ, ವಾಫ್ ಸಿಗ್ತದೆ" ಎಂದು ಹೇಳಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. 'ಆ್ಯಸ್ ಈಸ್, ವೇರ್ ಈಸ್' ಎಂದು ಅದರಲ್ಲಿ ಬರೆದಿತ್ತು. ಇದ್ದ ಹಾಗೆಯೇ, ಇದ್ದಲ್ಲಿಯೇ.

ಹೊಸಬರಿಗೆ ಎರಡು ಮಾತು. ವಾಫ್ ಅಂದರೆ ವಾರಂಟ್ ಆಫ್ ಫಿಟ್‌ನೆಸ್. ಊರಲ್ಲಿ ಸ್ವಂತ ಕಾರಿಗೆ 15 ವರ್ಷದ ತನಕ ಇಂಥ ತಪಾಸಣೆ ಇಲ್ಲ, ಎಫ್‌ಸಿ ಎಂದರೆ ಟ್ಯಾಕ್ಸಿ, ಲಾರಿಯವರ ತಲೆನೋವು ಎಂದು ಬೆಳೆದವರು ನಾವು. ಗಲ್ಫಿನಲ್ಲಿ ಇದ್ದು ಬಂದವರಿಗೆ ಬೇಗ ಅರ್ಥವಾಗ್ತದೆ: ಸೌದಿಯ ಫಹಸ್, ದುಬೈಯಲ್ಲಿ ಮುಲ್ಕಿಯ ಹೊಸದು ಮಾಡುವ ಮೊದಲಿನ ಪಾಸಿಂಗ್, ಹಾಗೆಯೇ ಇದು. ವಾಫ್ ಇಲ್ಲದೆ ರಸ್ತೆಗೆ ಇಳಿದರೆ 200 ಡಾಲರ್ ದಂಡ. ಆ ದೋಷದಿಂದಲೇ ಅಪಘಾತವಾದರೆ ವಿಮೆಯವರು ಕೈಚೆಲ್ಲಬಹುದು.

ಹುಡುಗನ ಗಾಡಿ ಫೇಲಾದ ಪಟ್ಟಿ ನಮ್ಮ ಕೈಯಲ್ಲಿದೆ. ನಂಬರ್ ಪ್ಲೇಟಿನ ದೀಪ, ಒಂದು ಬ್ರೇಕ್ ಲೈಟು ಇಲ್ಲ. ಅದು ಬಿಡಿ, ಬಲ್ಬು ಹಾಕಿದರೆ ಆಯಿತು. ಏರ್‌ಬ್ಯಾಗಿನ ದೀಪ ಆರುವುದಿಲ್ಲ. ಮುಂದಿನ ಟಯರುಗಳ ಒಳಬದಿ ಸವೆದು ನುಣ್ಣಗಾಗಿದೆ. ಕನಿಷ್ಠ 1.5 ಮಿಲಿಮೀಟರ್ ಗೀರು ಇರಬೇಕೆಂದು ನಿಯಮ, ಹೊರಗಿನಿಂದ ನೋಡಿದವನಿಗೆ ಚೆನ್ನಾಗಿಯೇ ಕಾಣ್ತದೆ. ಒಳಬದಿ ಯಾಕೆ ಸವೆಯಿತು? ಬಾಲ್ ಜಾಯಿಂಟು, ಬುಷ್ಷು ಸಡಿಲ, ಚಕ್ರ ನೆಟ್ಟಗೆ ನಿಲ್ಲುವುದಿಲ್ಲ. ಯಾರೋ ಶೋಕಿಗೆ ಸಸ್ಪೆನ್ಷನ್ ಎತ್ತರಿಸಿ ಅಗಲದ ಟಯರ್ ಹಾಕಿದ್ದಾರೆ, ಅದು ಮಡ್‌ಗಾರ್ಡಿನಿಂದ ಹೊರಗೆ ಇಣುಕುತ್ತಿದೆ. ಮಿತಿ ಮೀರಿ ಎತ್ತರಿಸಿದರೆ ಅದಕ್ಕೆ ಬೇರೆ ತಜ್ಞರಿಂದ ಪ್ರಮಾಣಪತ್ರ ಬೇಕು, ಗಾಡಿಗೆ ಲೋಹದ ಫಲಕ ಹೊಡೆದಿರಬೇಕು. ಇದರಲ್ಲಿ ಫಲಕವೂ ಇಲ್ಲ, ಎಂತದೂ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ತುಕ್ಕು. ಈ ಗಾಡಿ ಮುರಿವಾಯ್ ಬೀಚಿನ ಮರಳಲ್ಲಿ ಓಡಿದ್ದಂತೆ. ಉಳ್ಳಾಲದ ಕಡಲ ಗಾಳಿ ಕಿಟಕಿ ಸರಳನ್ನು ಏನು ಮಾಡ್ತದೆ ಎಂದು ನೋಡಿದವರಿಗೆ ಉಪ್ಪು ನೀರಿನ ಬಗ್ಗೆ ಪಾಠ ಬೇಡ. ಸ್ಪ್ರಿಂಗ್ ಕೂರುವ ಜಾಗದಲ್ಲೇ ಚಾಸಿ ತಿಂದುಹೋಗಿದೆ, ಅದರ ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದಾರೆ. ರಾಶಿಯ ಮೇಲೆ ಒಣ ಧಾನ್ಯ, ಅಡಿಯಲ್ಲಿ ಒದ್ದೆ ಧಾನ್ಯ ಇಟ್ಟ ವ್ಯಾಪಾರಿಯ ಕಥೆ ಮದ್ರಸದಲ್ಲಿ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಈ ಕಪ್ಪು ಬಣ್ಣ ಬೇರೆ ಎಂತ?

ಇಷ್ಟನ್ನೂ ಸರಿ ಮಾಡಲು ಗ್ಯಾರೇಜಿನವರು ಹೇಳಿದ ಲೆಕ್ಕ ಗಾಡಿಯ ಕ್ರಯಕ್ಕಿಂತ ಹೆಚ್ಚು. ಫೇಲಾದ ಮೇಲೆ 28 ದಿನದ ಒಳಗೆ ಅಲ್ಲಿಗೇ ತಂದು ತೋರಿಸಿದರೆ ಮರುತಪಾಸಣೆಗೆ ಹಣ ಇಲ್ಲ. ಆದರೆ 28 ದಿನದಲ್ಲಿ ಅಷ್ಟು ಹಣ ಹುಡುಗ ಎಲ್ಲಿಂದ ತರುವುದು?

ಈಗ ನಮ್ಮವರಲ್ಲೇ ಕೆಲವರು ಹೇಳುವ ಮಾತುಗಳಿಗೆ ಬರೋಣ. "ಇನ್‌ಸ್ಪೆಕ್ಟರ್‌ಗಳು ರಿಪೇರಿ ಹಣಕ್ಕಾಗಿ ಫೇಲ್ ಮಾಡ್ತಾರೆ" ಅಂತಾರೆ. ಆ ಸಂಶಯ ಇದ್ದವರು ರಿಪೇರಿ ಮಾಡದೆ ತಪಾಸಣೆ ಮಾತ್ರ ಮಾಡುವ ವಿಟಿಎನ್‌ಝಡ್‌ನಂಥ ಕೇಂದ್ರಕ್ಕೆ ಹೋಗಲಿ. "ಅವನೇನು ಮಗುವಾ, ನೋಡಿಯೇ ತಗೊಂಡ" ಅಂತಾರೆ. ಗಾಡಿಯ ಅಡಿಗೆ ಇಳಿದು ನೋಡಲು ಅವನಿಗೆ ಗೊತ್ತಿರಲಿಲ್ಲ, ಮಾರಿದವರಿಗೆ ಗೊತ್ತಿತ್ತು. ಅವನು ನೋಡಿದ್ದು ಗಾಡಿಯನ್ನಲ್ಲ, ಕಾಕನ ಮುಖವನ್ನು.

ಕಾನೂನು ಏನು ಹೇಳ್ತದೆ? ಮಾರಿದ ಗಾಡಿ ಕೈಗೆ ಕೊಡುವಾಗ ಅದರ ವಾಫ್ ಒಂದು ತಿಂಗಳಿಗಿಂತ ಹಳೆಯದಾಗಿರಬಾರದು. ವಾಫ್ ಇಲ್ಲದೆ ಕೊಡುವುದಾದರೆ ತೆಗೆದುಕೊಳ್ಳುವವ ಬರಹದಲ್ಲಿ ಒಪ್ಪಬೇಕು, ವಾಫ್ ಸಿಗುವ ತನಕ ಅದನ್ನು ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಆ ಕಾಗದ ಇರುವುದು ಇದಕ್ಕೆ. ನಾಳೆಯೇ ಕೆಲಸಕ್ಕೆ ಓಡಿಸುತ್ತಾನೆ ಎಂದು ಗೊತ್ತಿದ್ದೂ ಸಹಿ ಹಾಕಿಸಿಕೊಳ್ಳುವುದು ಬರೀ ಮೋಸ. ಇನ್ನೊಂದು: 12 ತಿಂಗಳಲ್ಲಿ ಆರಕ್ಕಿಂತ ಹೆಚ್ಚು ಗಾಡಿ ಮಾರಿದವರನ್ನು 2003ರ ಮೋಟಾರು ವಾಹನ ಮಾರಾಟ ಕಾಯ್ದೆ ವ್ಯಾಪಾರಿ ಎಂದೇ ಹಿಡಿಯುತ್ತದೆ. ಅವರು ನೋಂದಣಿ ಮಾಡಿಸಬೇಕು, ಮನೆ ಬಳಕೆಗೆ ತೆಗೆದುಕೊಂಡವನ ಹಕ್ಕನ್ನು ಒಂದು ಚೀಟಿಯಿಂದ ಅಳಿಸಿಹಾಕಲು ಅವರಿಗೆ ಸಾಧ್ಯವಿಲ್ಲ. ನಮ್ಮ ಕಾಕ ಈ ವರ್ಷ ಎಷ್ಟು ಮಾರಿದ್ದಾರೆ? ನಮ್ಮ ಲೆಕ್ಕಕ್ಕೆ ಸಿಕ್ಕಿದ್ದೇ ಎಂಟು.

ಧಣಿಯೇ ಗಾಡಿ ಮಾರಿ ಸಂಬಳದಿಂದ ಕಂತು ಹಿಡಿಯುವುದೂ ಉಂಟು. ವೀಸಾ ಅವರ ಕೈಯಲ್ಲಿ ಎಂಬ ಹೆದರಿಕೆಗೆ ನಮ್ಮ ಹುಡುಗರು ತಲೆ ಆಡಿಸುತ್ತಾರೆ. 1983ರ ವೇತನ ಸಂರಕ್ಷಣಾ ಕಾಯ್ದೆ ಪ್ರಕಾರ ನಿಮ್ಮ ಬರಹದ ಒಪ್ಪಿಗೆ ಇಲ್ಲದೆ ಅಂಥ ಹಣ ಹಿಡಿಯುವ ಹಾಗಿಲ್ಲ, ಕೊಟ್ಟ ಒಪ್ಪಿಗೆಯನ್ನು ಬರಹದಲ್ಲೇ ಹಿಂದಕ್ಕೂ ಪಡೆಯಬಹುದು.

ತೆಗೆದುಕೊಳ್ಳುವವರೂ ಕೇಳಿ. ವಾಫ್ ಇದ್ದ ಮಾತ್ರಕ್ಕೆ ಗಾಡಿ ಒಳ್ಳೆಯದಲ್ಲ, ಇಂಜಿನ್, ಗೇರ್‌ಬಾಕ್ಸ್, ಕ್ಲಚ್ ಎಲ್ಲ ಅದರ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ಗ್ಯಾರೇಜಿನಲ್ಲಿ ಹಣ ಕೊಟ್ಟು ನೋಡಿಸಿ. ಬೇಡ ಎಂದು ಮಾರುವವರು ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ, ಮುಖ ನೋಡಬೇಡಿ. ಡೀಸೆಲ್ ಗಾಡಿಯಾದರೆ ರಸ್ತೆ ಶುಲ್ಕದ ಲೇಬಲಿನ ಅಂಕಿಯನ್ನು ಮೀಟರ್ ದಾಟಿದೆಯಾ ನೋಡಿ. ಗಾಡಿಯ ಮೇಲೆ ಸಾಲ ಉಂಟಾ ಎಂದೂ ವಿಚಾರಿಸಿ, ಇದ್ದರೆ ಸಾಲ ಕೊಟ್ಟವರು ನಿಮ್ಮ ಅಂಗಳದಿಂದ ಎತ್ತಿಕೊಂಡು ಹೋಗಬಹುದು.

ಇನ್ನು ನಮ್ಮ ಬಳಗದ ಮೂಲಕ ಗಾಡಿ ಮಾರುವವರು ಕೊನೆಯ ತಪಾಸಣೆಯ ಪಟ್ಟಿಯನ್ನು, ಫೇಲಾದದ್ದಾದರೆ ಅದನ್ನೂ, ಕೀಲಿಯ ಜೊತೆ ಕೊಡಬೇಕು. ಕೊಡದವರ ಗಾಡಿಯ ಸುದ್ದಿಯನ್ನು ನಾವು ಯಾರ ಕಿವಿಗೂ ಹಾಕುವುದಿಲ್ಲ. ಕಾಕನಿಗೂ ಪತ್ರ ಕೊಟ್ಟಿದ್ದೇವೆ. ಈ ತಿಂಗಳ ಕೊನೆಯ ಒಳಗೆ ಹುಡುಗನ ಹಣ ಹಿಂದೆ ಬಾರದಿದ್ದರೆ, ವಾಹನ ವಿವಾದಗಳ ಟ್ರಿಬ್ಯೂನಲ್‌ಗೆ ಅವನ ಜೊತೆ ನಾವು ಮೂವರೂ ಹೋಗುತ್ತೇವೆ.